ಟ್ರಂಕ್ ಕಾಲ್

ಮುನಿನಂಜಪ್ಪ ಅನ್ನುವ ಹೆಸರು
ಕಾಲ್ಗೂರ್ಲಿಯ ಗಣಿಯಲ್ಲಿ ಯಾರ ಬಾಯಿಗೂ ಹಿಡಿಸಲಿಲ್ಲ.
ಮೊದಲು ಮುನಿ ಅಂದರು, ಆಮೇಲೆ ಮನಿ.
ಕೋಲಾರದ ಸೈನೈಡ್ ದಿಬ್ಬದ ನೆರಳಲ್ಲಿ ಹುಟ್ಟಿ
ಕಡಲು ದಾಟಿ ಮತ್ತೊಂದು ಚಿನ್ನದೂರಿಗೇ ಬಂದು
ಕೈಯಲ್ಲಿ ಕಾಸು ನಿಲ್ಲದವನಿಗೆ
ಒಳ್ಳೇ ಹೆಸರಿಟ್ರು ಬಿಡು, ಅಂತ ನಗುತ್ತಿದ್ದಳು ಅಮ್ಮ.

ವಾರದ ಐದು ದಿನ ಎಂಟುನೂರು ಮೀಟರು ಕೆಳಗೆ.
ಆರನೆಯ ದಿನ ಅಪ್ಪನಿಗೆ ಆಕಾಶ ಬೇಕು,
ಅದೂ ಕೊಂಚವಲ್ಲ, ಅಂಚೇ ಇಲ್ಲದ್ದು.
ಹಳೇ ಹೋಲ್ಡನ್ ಕಾರಿನ ನೆತ್ತಿಗೆ ನೀರಿನ ಕ್ಯಾನು ಬಿಗಿದು
ಹಿಂದಿನ ಸೀಟಿಗೆ ನನ್ನನ್ನೂ ಸೋಮೂನನ್ನೂ ದಿಂಬಿನ ಹಾಗೆ ತುರುಕಿ
ಉಪ್ಪಿನ ಕೆರೆಗಳ ಕಡೆ ಹೊರಟುಬಿಡುತ್ತಿದ್ದ.
ಕೆಂಪು ಮಣ್ಣಲ್ಲಿ ಚಕ್ರ ಹೂತಾಗ
ಅಮ್ಮನ ಕಂಬಳಿ ಚಕ್ರದಡಿಗೆ, ಬೈಗುಳ ಅವನ ಬೆನ್ನಿಗೆ;
ಎರಡೂ ಇಲ್ಲದೆ ಗಾಡಿ ಮೇಲೇಳೋದಿಲ್ಲ ಅನ್ನುತ್ತಿದ್ದ.

ಎಲ್ಲ ಚೆನ್ನಾಗಿತ್ತು ಅಂತಲ್ಲ.
ಸೋಮು ಕಾಲು ಮುರಿದುಕೊಂಡದ್ದು ಅಪ್ಪನ ಬಂಡೆ ಹತ್ತುವ ಹುಚ್ಚಿಗೇ.
ಆರು ವಾರ ಮಗನನ್ನು ಬೆನ್ನ ಮೇಲೆ ಹೊತ್ತೇ ಶಾಲೆಗೆ ಬಿಟ್ಟ.
ಅಷ್ಟು ದಿನವೂ ನಕಾಶೆ ಬಿಚ್ಚಲಿಲ್ಲ.

ಐವತ್ತಕ್ಕೆ ಈಜು ಕಲಿತ.
ಎಸ್ಪರೆನ್ಸ್ ಕಡಲಲ್ಲಿ ನಾನೊಮ್ಮೆ ಮುಳುಗಿ ಎದ್ದೆನಲ್ಲ,
ದಡದಲ್ಲಿ ನಿಂತು ಕಿರುಚಿದ್ದಷ್ಟೇ ತನ್ನಿಂದಾದದ್ದು ಅಂತ
ಆ ಚಳಿಗಾಲವೆಲ್ಲ ಊರ ಕೊಳದಲ್ಲಿ
ಆರು ವರ್ಷದ ಮಕ್ಕಳ ಸಾಲಲ್ಲಿ
ಕಿತ್ತಳೆ ಬಣ್ಣದ ತೋಳುಪಟ್ಟಿ ಕಟ್ಟಿಕೊಂಡು
ಕಾಲು ಬಡಿದ.

ಅರವತ್ತೆರಡಕ್ಕೆ ಸೈಕಲ್ಲು ಹತ್ತಿ ನಲ್ಲಾರ್ಬರ್ ಬಯಲು.
ಜೊತೆಗೆ ಕ್ರೊಯೇಷಿಯಾದ ಗೆಳೆಯ, ಹೆಸರು ಆಂತೆ,
ಅಪ್ಪನ ಕತೆಯ ಸಾಲುಸಾಲಿನ ಕೊನೆಗೂ ಬಂದು ಕೂರುವವನು:
ಕಾಡು ಒಂಟೆ ಅಟ್ಟಿಸಿಕೊಂಡು ಬಂತಂತೆ,
ಪಂಕ್ಚರಾದ ಟೈರಿಗೆ ಒಣಹುಲ್ಲು ತುಂಬಿ ತುಳಿದರಂತೆ,
ತೊಂಬತ್ತು ಮೈಲಿಗೆ ರಸ್ತೆ ಒಂದು ಸಲವೂ ತಿರುಗಲಿಲ್ಲವಂತೆ.
ಇಷ್ಟೊಂದು ಅಂತೆಗೆ ಸಾಕ್ಷಿ ಯಾರಪ್ಪಾ ಅಂದರೆ
ಆಂತೆಯೇ.

ರಾತ್ರಿ ಎಂಟಕ್ಕೆ ಸರಿಯಾಗಿ ಫೋನು,
ಯಾವುದೋ ಪೆಟ್ರೋಲ್ ಬಂಕಿನ ಗಾಜಿನ ಗೂಡಿನಿಂದ.
ಟ್ರಂಕ್ ಕಾಲ್ ಬಂತು ಅಂತ ಓಡುತ್ತಿದ್ದಳು ಅಮ್ಮ, ಹಳೇ ರೂಢಿ.
ಮೂರು ನಿಮಿಷಕ್ಕಾಗುವಷ್ಟು ಚಿಲ್ಲರೆ.
ಮಾತ್ರೆ ತಗೊಂಡ್ಯಾ? ಬಿಳಿದಾ, ಹಳದೀದಾ?
ಹಿತ್ತಲ ನಲ್ಲಿ ಇನ್ನೂ ಸೋರ್ತಿದ್ಯಾ?
ಸೋಮು ಹೆಂಡ್ತಿಗೆ ಜ್ವರ ಬಿಡ್ತಾ?
ಕಾಸು ಮುಗಿಯುವ ಹೊತ್ತಿಗೆ, ಮರೆತೇಹೋಗಿತ್ತು ಅನ್ನುವ ಹಾಗೆ:
ಹ್ಞಾ, ಇವತ್ತು ತಿಮಿಂಗಿಲ ನೋಡ್ದೆ ಕಣೇ,
ಮರಿ ಜೊತೆಗೇ ಇತ್ತು, ಅದರ ಬೆನ್ನು
ಕಟ್.
ಆ ಅರ್ಧ ತಿಮಿಂಗಿಲವನ್ನು ಅಮ್ಮ ವಾರವಿಡೀ
ಬೀದಿಯವರಿಗೆಲ್ಲ ಪೂರ್ತಿ ಮಾಡಿ ಹೇಳಿದಳು.

ಹೊರಡುವಾಗ ಹೋಗ್ತೀನಿ ಅಂದವನಲ್ಲ ಅಪ್ಪ.
ಶಿಫ್ಟಿಗೂ, ಬಯಲಿಗೂ, ಮೂಲೆಯಂಗಡಿಯ ಹಾಲಿಗೂ
ಒಂದೇ ಮಾತು: ಬರ್ತೀನಿ.
ಮೂವತ್ತು ವರ್ಷ ಗಣಿಯ ಬಾಗಿಲಲ್ಲಿ ಅದನ್ನು ಕೇಳಿಸಿಕೊಂಡ ಆಂತೆ
ಕನ್ನಡದಲ್ಲಿ ವಿದಾಯ ಅಂದರೆ ಇದೇ ಅಂದುಕೊಂಡಿದ್ದ.
ಮೊನ್ನೆ, ನುಸಿಗುಳಿಗೆ ವಾಸನೆಯ ಕರಿಕೋಟು ತೊಟ್ಟು ಬಂದು
ಪೆಟ್ಟಿಗೆಯ ಮೇಲೆ ಅಂಗೈ ಊರಿ
ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದ:
ಬರ್ತೀನಿ, ಮನಿ.

ನಾವ್ಯಾರೂ ತಿದ್ದಲಿಲ್ಲ.
ಅಮ್ಮ ಮಾತ್ರ, ಬಾಯಿಯ ಅಭ್ಯಾಸ,
ಹುಷಾರಾಗಿ ಹೋಗಿ ಬಾ, ಅಂದಳು.
ಯಾರಿಗೆ ಅಂದಳೋ, ನಾನು ಕೇಳಲಿಲ್ಲ.

ಆ ರಾತ್ರಿ ಎಂಟು ಗಂಟೆ.
ಸೋಮು ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಹಿತ್ತಲ ನಲ್ಲಿಗೆ ಹೊಸ ವಾಷರು ಹಾಕುತ್ತಿದ್ದ.
ಅಮ್ಮ ಒಳಗೆ
ಬಿಳಿಯದೊಂದು ಹಳದಿಯದೊಂದು ನುಂಗಿ, ನೀರು ಕುಡಿದು,
ಗೋಡೆಯ ಫೋನಿನ ಕಡೆ ತಿರುಗದೆ
ತಗೊಂಡೆ, ಅಂದಳು.